ಆಂಟೆನಾ ಕಂಬಕ್ಕೆ ಕಟ್ಟಿದ ನಾಯಿ

ನಮ್ಮ ಚಾಮರಾಜಪೇಟೆಯ ಮನೆಗೆ ಟಿವಿ, ನಾಯಿ ಎರಡೂ ಒಂದೇ ವರ್ಷ ಬಂದವು. ಟಿವಿಯನ್ನು ಅಪ್ಪ ತಂದರು, ನಾಯಿ ತಾನಾಗಿಯೇ ಬಂತು. ಮನೆಯಲ್ಲಿ ಒಬ್ಬೊಬ್ಬರು ಅದನ್ನು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಕೈಯಲ್ಲಿ ತಿಂಡಿಯಿದ್ದರೆ ಎಲ್ಲ ಹೆಸರಿಗೂ ಓಡಿ ಬರುತ್ತಿತ್ತು.

ಆಗಿನ ಟಿವಿಯನ್ನು ಈಗ ಎಲ್ಲರೂ ಹಾಡಿ ಹೊಗಳುತ್ತಾರೆ. ನಾನಂತೂ ಹೊಗಳಲಾರೆ. ಒಳ್ಳೆ ಮಳೆಯಾಯಿತು ಎಂಬ ಸುದ್ದಿಯನ್ನೂ ವಾರ್ತೆಯವರು ಯಾರೋ ಹೋಗಿಬಿಟ್ಟರೆಂಬ ಮುಖದಲ್ಲೇ ಓದುತ್ತಿದ್ದರು. ಸಂದರ್ಶನವೆಂದರೆ ಇಬ್ಬರು ಕೂತು ನಡುವಿನ ಹೂದಾನಿಯ ಜೊತೆ ಮಾತಾಡುವುದು. 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂಬ ಫಲಕ ಬಂದಾಗ ಮಾತ್ರ ನಮ್ಮ ನಾಯಿ ತಣ್ಣಗೆ ಕೂತು ನೋಡುತ್ತಿತ್ತು. ಅದರ ಅಭಿರುಚಿ ನನಗೂ ಒಪ್ಪಿಗೆಯಾಗಿತ್ತು.

ಅಜ್ಜಿಗೆ ಇಷ್ಟವಾದದ್ದು ಕೃಷಿ ಕಾರ್ಯಕ್ರಮ. ಊರಲ್ಲಿ ಹೊಲ ಮಾಡಿ ಬಂದವಳು, ತೆರೆಯ ಮೇಲಿನ ಪ್ಯಾಂಟಿನ ಅಧಿಕಾರಿಯನ್ನು ನೋಡಿದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. "ಏ, ಹಂಗಲ್ಲ ಕಣಯ್ಯ! ಯಾವತ್ತಾದ್ರೂ ಕೆಸರಿಗೆ ಕಾಲಿಟ್ಟಿದ್ದೀಯಾ ನೀನು?" ಎಂದು ಗದರುತ್ತಿದ್ದಳು. ಎತ್ತು ಕಾಣಿಸಿದರೆ ನಾಯಿಯೂ ಶುರುಮಾಡುತ್ತಿತ್ತು. ಇಬ್ಬರೂ ಸೇರಿ ಆ ಬಡಪಾಯಿಯ ಗ್ರಹಚಾರ ಬಿಡಿಸುವಾಗ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಬೊಗಳಾಟದಲ್ಲಿ ತನ್ನ ಬೈಗುಳ ತನಗೇ ಕೇಳಿಸುವುದಿಲ್ಲವೆಂದು ಅಜ್ಜಿಗೆ ಸಿಟ್ಟು.

ಅದಕ್ಕೇ ಟಿವಿ ಹಾಕುವ ಹೊತ್ತಿಗೆ ನಾಯಿಯನ್ನು ತಾರಸಿಗೆ ಒಯ್ದು, ಅಲ್ಲಿದ್ದ ಆಂಟೆನಾ ಕಂಬಕ್ಕೆ ಕಟ್ಟತೊಡಗಿದೆವು. ಅದು ಅಲ್ಲಿಂದಲೂ ಬೊಗಳಿತು, ಇನ್ನೂ ಜೋರಾಗಿ. "ನಾನಿರ್ಬೇಕು, ಇಲ್ಲಾ ಅದಿರ್ಬೇಕು" ಎಂದು ಅಜ್ಜಿ ತೀರ್ಪು ಕೊಟ್ಟಳು. ವೈಯಾಲಿಕಾವಲ್‌ನಿಂದ ಸೋದರಮಾವ ಬಂದು ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟುಬಿಟ್ಟರು. ನನಗೆ ಅವತ್ತು ಊಟ ಸೇರಲಿಲ್ಲ.

ಆ ವಾರ ಕೃಷಿ ಕಾರ್ಯಕ್ರಮದಲ್ಲಿ ಎತ್ತುಗಳು ಬಂದವು. ಅಜ್ಜಿ ಒಂದು ಸಲ ಬೈದು ಬಾಗಿಲ ಕಡೆ ನೋಡಿದಳು. ಆಮೇಲೆ ಸುಮ್ಮನೆ ಅವರೆಕಾಯಿ ಸುಲಿದಳು.

ಭಾನುವಾರ ಸಂಜೆ ಸಿನಿಮಾಕ್ಕೆ ಅರ್ಧ ಬೀದಿ ನಮ್ಮ ಹಾಲಿನಲ್ಲಿ ಜಮಾಯಿಸಿತ್ತು. ನಾಯಕಿ ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ತೆರೆಯ ತುಂಬ ಬರೀ ಚುಕ್ಕಿ! ಅಪ್ಪ ತಾರಸಿಗೆ ಓಡಿದರು.

"ಬಂತಾ?"

"ಇಲ್ಲಾ!" ಎಂದು ಕೆಳಗಿನಿಂದ ಎಲ್ಲರೂ ಕೂಗಿದರು.

"ಈಗ?"

"ಬಂತು ಬಂತು... ಅಯ್ಯೋ, ಹೋಯ್ತು!"

ಅಪ್ಪ ಪೆಚ್ಚುಮೋರೆ ಹಾಕಿಕೊಂಡು ಇಳಿದು ಬಂದರು. ಕಂಬದ ಬೋಲ್ಟು ಸಡಿಲವಾಗಿ ಎಷ್ಟು ದಿನವಾಗಿತ್ತೋ, ಗಾಳಿ ಜೋರಾದರೆ ಸಾಕು, ಆಂಟೆನಾ ತಿರುಗಿಬಿಡುತ್ತಿತ್ತು. ಇಷ್ಟು ದಿನ ಅದನ್ನು ಸರಿಯಾದ ದಿಕ್ಕಿಗೆ ಎಳೆದು ಹಿಡಿದಿದ್ದದ್ದು ನಮ್ಮ ನಾಯಿ! ಸಂಜೆ ಬನ್ನಿನ ವಾಸನೆ ಬಂದ ಕೂಡಲೇ ಅದು ಮೂಲೆ ಬೇಕರಿಯ ಕಡೆಗೆ ಜಗ್ಗುತ್ತಿತ್ತು. ಟಿವಿ ಗೋಪುರವೂ ಅದೇ ದಿಕ್ಕಿನಲ್ಲಿತ್ತು.

ಹಾಲಿನಲ್ಲಿ ನಗುವೋ ನಗು. "ಮೊದ್ಲು ನಾಯಿ ಕರೆಸ್ರೀ!" ಎಂದರು ಪಕ್ಕದ ಮನೆಯವರು. ನಾನು ಎದ್ದು ಎದುರಿನ ಅಂಗಡಿಗೆ ಓಡಿ ಮಾವನಿಗೆ ಫೋನು ಮಾಡಿದೆ.

ಸಿನಿಮಾ ಮುಗಿಯುವ ಮುಂಚೆಯೇ ಸ್ಕೂಟರು ಬಂತು. ನಾಯಿ ಒಳಗೆ ನುಗ್ಗಿ, ಯಾರ ತೊಡೆ, ಯಾರ ತಲೆ ಎಂದು ನೋಡದೆ ಎಲ್ಲರನ್ನೂ ನೆಕ್ಕಿತು. ಆದರೆ ಅಷ್ಟು ಹೊತ್ತಿಗೆ ಅಪ್ಪ ಕಂಬಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಗೆ ಇಟ್ಟಿಗೆ ಕಟ್ಟಿ ಬೇಕರಿಯ ಕಡೆಗೆ ಇಳಿಬಿಟ್ಟಿದ್ದರು. ಚಿತ್ರ ಕನ್ನಡಿಯಷ್ಟು ಸ್ವಚ್ಛ.

"ಇನ್ನು ನಾಯಿ ಬೇಕಾಗಿಲ್ಲ. ಇಟ್ಟಿಗೇನೇ ಸಾಕು" ಎಂದರು ಅಪ್ಪ. ಮಾವ ಮತ್ತೆ ಸ್ಕೂಟರಿನ ಕೀ ತೆಗೆದರು. ನಾನು ನಾಯಿಯ ಕೊರಳನ್ನು ಗಟ್ಟಿಯಾಗಿ ತಬ್ಬಿಕೊಂಡೆ.

ಅಜ್ಜಿ ಟಿವಿಯಿಂದ ಕಣ್ಣು ಕೀಳದೆ, ತನ್ನ ಚಾಪೆಯಲ್ಲಿ ಅಷ್ಟು ಜಾಗ ಬಿಟ್ಟು ಸರಿದು ಕೂತಳು.

"ಇಟ್ಟಿಗೆ ಏನ್ಲಾ," ಎಂದಳು ಅಪ್ಪನಿಗೆ, "ನಾ ಬೈದ್ರೆ ಹೂಂಗುಟ್ತದಾ?"