ಬೆಲ್ಟ್ ಬಿಚ್ಚಿದ ಮೇಲೆ ಕೇಳಿದ್ದು

ಬೆಳಗಿನ ಚಹಾದ ಲೋಟವನ್ನು ಬಾನೆಟ್ಟಿನ ಮೇಲಿಟ್ಟು, ಗಾಡಿ ಚಾಲೂ ಮಾಡಿ, ಇಂಜಿನ್ ಬೆಚ್ಚಗಾಗುವವರೆಗೆ ಅಂಗಳದಲ್ಲಿ ನಿಂತು ಆ ಚಹಾ ಕುಡಿಯುವುದು ನನ್ನ ಬಹುಕಾಲದ ಅಭ್ಯಾಸ. ಹಳೆಯ ಡೀಸೆಲ್ ಗಾಡಿಯ ನಡುಕಕ್ಕೆ ಲೋಟದೊಳಗೆ ಬಳೆಯಂಥ ಅಲೆಗಳೆದ್ದು, ಅಂಚಿಗೆ ಬಡಿದು, ಮತ್ತೆ ನಡುವಿಗೆ ಮರಳುತ್ತವೆ. ನಿಮಗೂ ಇಂಥದೊಂದು ನಿತ್ಯದ ಆಟವಿದ್ದರೆ ಬಲ್ಲಿರಿ, ಅದರಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಮನಸ್ಸಿಗೆ ಮೊದಲು ಗೊತ್ತಾಗುತ್ತದೆ, ಬುದ್ಧಿಗೆ ಆಮೇಲೆ. ಆ ದಿನ ಬೆಳಿಗ್ಗೆ ಚಹಾದ ಅಲೆಗಳು ಎಂದಿನಂತೆಯೇ ಇದ್ದವು; ಆದರೆ ಇಂಜಿನ್ನಿನ ಪರಿಚಿತ ಗುಡುಗುಡು ನಡುವೆ, ಜೋಳದ ಕಾಳನ್ನು ಒಣ ಬೀಸುಕಲ್ಲಿಗೆ ಹಾಕಿ ತಿರುವಿದಂಥ ಹೊಸದೊಂದು ಕರಕರ ಸೇರಿಕೊಂಡಿತ್ತು. ನಾನು ಚಹಾ ಕುಡಿಯುವುದನ್ನೇ ಮರೆತು ನಿಂತೆ.

ನಾನು ದನದ ಡಾಕ್ಟರು. ಮನೆ ದೇವದುರ್ಗದಲ್ಲಿ, ಕೆಲಸ ಸುತ್ತಣ ಹಳ್ಳಿಗಳ ಹಟ್ಟಿ ಅಂಗಳಗಳಲ್ಲಿ. ಈ ಗಾಡಿಯನ್ನು ಕೊಂಡಾಗಲೇ ಅದಕ್ಕೆ ಯೌವನ ಕಳೆದಿತ್ತು. ಎತ್ತರದ ಮೈ, ಅಗಲ ಗಾಲಿ, ಏಳು ಜನ ಕೂರುವ ಹೊಟ್ಟೆ. ಹಿಂದಿನ ಸೀಟು ತೆಗೆಸಿದ ಮೇಲೆ ಅಲ್ಲಿ ಔಷಧದ ಪೆಟ್ಟಿಗೆ, ಹಗ್ಗ, ಬಕೆಟ್ಟು, ಗಮ್‌ಬೂಟು, ಒಮ್ಮೊಮ್ಮೆ ಕಾಲು ಮುರಿದ ಮೇಕೆ. ಮಳೆ ಬಿದ್ದ ಮರುದಿನ ಎರೆ ಭೂಮಿಯ ದಾರಿ ಹೇಗಿರುತ್ತದೆಂಬುದನ್ನು ಕಂಡವರಿಗೆ ಹೇಳಬೇಕಿಲ್ಲ. ಅಲ್ಲಿ ಪುಟ್ಟ ಕಾರುಗಳು ಬೆಲ್ಲಕ್ಕಂಟಿದ ಇರುವೆಯಂತೆ ಕೂತುಬಿಡುತ್ತವೆ. ಹಾಗಾಗಿ ಈ ಗಾಡಿಯನ್ನು ನಾನು ಕೈಲಾದಷ್ಟು ಜೋಪಾನ ಮಾಡಿದ್ದೆ. ಆಯಿಲ್ ಕಪ್ಪಾಗುವ ಮುನ್ನ ಬದಲಿಸುತ್ತಿದ್ದೆ. ಹತ್ತಿ ಬಿಡಿಸುವ ಕಾಲದಲ್ಲಿ ಏರ್ ಫಿಲ್ಟರು ಅರಳೆಯ ಎಳೆಗಳಿಂದ ಹಾಸಿಗೆಯಂತಾಗುತ್ತದೆಂದು ಅದನ್ನು ತೆಗೆದು ಕೊಡವುತ್ತಿದ್ದೆ. ನಮ್ಮ ಬೋರಿನ ಸವುಳು ನೀರು ರೇಡಿಯೇಟರಿಗೆ ಹನಿಯಷ್ಟೂ ಬೀಳದಂತೆ ಕಾಯುತ್ತಿದ್ದೆ. ಅಷ್ಟೆಲ್ಲ ನೋಡಿಕೊಂಡದ್ದು ಹೀಗೆ ಒಂದು ಬೆಳಿಗ್ಗೆ ನರಳತೊಡಗಿದರೆ, ಎಲ್ಲಿ ತಪ್ಪಿದೆನೆಂಬ ಪ್ರಶ್ನೆಯೇ ಮೊದಲು ಹುಟ್ಟುತ್ತದೆ.

ನನ್ನ ಗಂಡ ಶರಣಪ್ಪ ಮಾನ್ವಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವರು ಹೋಗಿಬರುವುದು ಬಸ್ಸಿನಲ್ಲಿ. ಗಾಡಿಯ ಮೇಲೆ ಅವರಿಗೆ ದ್ವೇಷವಿಲ್ಲ, ಅನುಮಾನವಿದೆ. ಮನೆಗಳಿಲ್ಲದ ದಾರಿಯಲ್ಲಿ, ಫೋನು ಹತ್ತದ ಜಾಗದಲ್ಲಿ ಗಾಡಿ ಕೆಟ್ಟು ನಾನೊಬ್ಬಳೇ ನಿಂತೇನೆಂಬುದು ಅವರ ಭಯ. ಆ ಕರಕರ ಕೇಳಿದ ದಿನವೇ ಅವರು ರಜೆ ಹಾಕಿ, ನನ್ನ ಜೊತೆ ರಾಯಚೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಬಂದರು. ಅಲ್ಲಿ ಗಾಡಿಗಳ ಸಾಲು ಹಬ್ಬದ ಮುಂಚಿನ ದರ್ಜಿಯಂಗಡಿಯಂತಿತ್ತು. ಸಮವಸ್ತ್ರದ ಯುವಕನೊಬ್ಬ ಬಂದು, ಬಾನೆಟ್ ಎತ್ತಿ, ತಲೆ ವಾರೆ ಮಾಡಿ ಒಂದು ಕ್ಷಣ ಆಲಿಸಿ, ಮರುಕದಿಂದಲೇ ಹೇಳಿದ:

"ಇಂಜಿನ್ ಒಳಗಿನ ಸೌಂಡ್ ಅದ ಮೇಡಂ. ಕೆಳಗಿಳಿಸಿ ಪೂರಾ ಬಿಚ್ಚಬೇಕಾಗ್ತದ. ಇಷ್ಟು ಹಳೇ ಗಾಡಿಗೆ ಯಾಕ್ರಿ ಅದೆಲ್ಲ? ಯಾರಿಗಾದ್ರೂ ಕೊಟ್ಟು ಬಿಡ್ರಿ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಸಾಲಾಗಿ ನಿಂತ ರೋಗಿಗಳ ನಡುವೆ ಎಲ್ಲರಿಗೂ ಒಂದೇ ಮಾತು ಹೇಳುವ ದಣಿವು ನನಗೂ ಗೊತ್ತು. ಆ ಸಂಜೆ ದೇವದುರ್ಗಕ್ಕೆ ಮರಳಿ ಹೊರಟೆವು. ದಾರಿಯಲ್ಲಿ ಕಲ್ಮಲಾ ಊರು ದಾಟಿದ ಮೇಲೆ ಗಂಡ ಮೆಲ್ಲಗೆ ಹೇಳಿದರು:

"ನೋಡು, ಅದಕ್ಕೂ ವಯಸ್ಸಾಗ್ಯಾದ. ನಿನಗ ಬ್ಯಾಸರ ಆಗ್ತದ ಖರೆ. ಆದ್ರ ಎಲ್ಲೋ ಅಡವ್ಯಾಗ ನೀ ಒಬ್ಬಾಕಿನೇ ನಿಂತ್ರ ನನಗ ಹೆಂಗಾಗ್ಬೇಕು? ನಮ್ಮ ಸಾಲ್ಯಾಗ ಒಬ್ರು ಕೇಳಾಕತ್ಯಾರ. ಐತಾರ ಬಂದು ನೋಡ್ತಾರಂತ."

ನಾನು ಹೂಂ ಎಂದೆ. ಹೂಂ ಎಂಬುದು ಕನ್ನಡದ ಅತಿ ಸುಲಭದ ಶಬ್ದ. ಬಾಯಿ ತೆರೆಯದೆಯೂ ಹೇಳಬಹುದು. ಆದರೆ ಮನೆಗೆ ಬಂದು ಗಾಡಿಯ ಬೀಗದ ಕೈಯನ್ನು ಮೊಳೆಗೆ ತೂಗುಹಾಕುವಾಗ, ಇನ್ನು ಮುಂದೆ ಕರೆ ಬಂದ ಹಳ್ಳಿಗಳಿಗೆಲ್ಲ ಬಸ್ಸಿನ ವೇಳೆ ನೋಡಿ ಹೋಗಬೇಕಾಗುವುದು ನೆನಪಾಯಿತು. ಹೊಟ್ಟೆಯುಬ್ಬರಿಸಿದ ಎತ್ತಿಗೆ ಬಸ್ಸಿನ ವೇಳೆ ಗೊತ್ತಿರುವುದಿಲ್ಲ. ಎದೆಯ ಮೇಲೆ ಒದ್ದೆ ಗೋಣಿಚೀಲ ಇಟ್ಟಂತೆ ಭಾರವಾಗಿ, ಊಟ ಸೇರಲಿಲ್ಲ.

ಮರುದಿನ ಗಂಡ ಬಸ್ಸು ಹತ್ತಿದ ಮೇಲೆ ಒಂದು ಸಂಗತಿ ಹೊಳೆಯಿತು. ದನ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ, ನಾವು ಅದರ ಮೈ ಮುಟ್ಟುವ ಮುನ್ನ ಯಜಮಾನನನ್ನು ಕೇಳುತ್ತೇವೆ: ಯಾವಾಗಿನಿಂದ ಹೀಗೆ, ಏನು ತಿಂದಿತ್ತು, ಯಾವಾಗ ಹೆಚ್ಚು, ಯಾವಾಗ ಕಡಿಮೆ? ನನ್ನ ಗಾಡಿಯ ವಿಷಯದಲ್ಲಿ ಈ ಪ್ರಶ್ನೆಗಳನ್ನು ರಾಯಚೂರಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸದ್ದು ಶುರುವಾದದ್ದು ಜಾಲಹಳ್ಳಿ ಕಡೆಯ ಹಳ್ಳವೊಂದನ್ನು ಕೆಸರು ನೀರಲ್ಲಿ ದಾಟಿ ಬಂದ ಮೇಲೆ. ಎಸಿ ಹಾಕಿದರೆ ಅದರ ಸ್ವರ ಬದಲಾಗುತ್ತಿತ್ತು. ಆಯಿಲ್ ಶುಭ್ರವಾಗಿತ್ತು, ಹೊಗೆಯ ಬಣ್ಣ ಬದಲಾಗಿರಲಿಲ್ಲ, ಏರು ಹತ್ತುವಾಗ ಬಲ ಕುಗ್ಗಿರಲಿಲ್ಲ. ಮೇವು ತಿನ್ನುವ, ಮೆಲುಕು ಹಾಕುವ, ಕಣ್ಣು ಹೊಳೆಯುವ ದನವನ್ನು ಸಾಯುತ್ತದೆಂದು ಯಾವ ವೈದ್ಯೆ ಬರೆದುಕೊಡುತ್ತಾಳೆ ಹೇಳಿ?

ನಮ್ಮೂರ ಬಸ್ ನಿಲ್ದಾಣದ ಹಿಂದೆ ಮಹೆಬೂಬಣ್ಣನ ತಗಡಿನ ಶೆಡ್ಡಿದೆ. ಅವರ ಮನೆಯ ಮೇಕೆಗಳಿಗೆ ನಾನು ಡಾಕ್ಟರು, ನನ್ನ ಗಾಡಿಗೆ ಅವರು. ರಾಯಚೂರಿನ ತೀರ್ಪನ್ನು ಕೇಳಿಸಿಕೊಂಡು, ಕೈ ಒರೆಸುತ್ತ ಎದ್ದು ಬಂದರು. ಅವರ ಮಾತಿನಲ್ಲಿ ಸಂಕೋಚವೆಂಬುದಿಲ್ಲ.

"ಅರೆ, ಬಿಚ್ಚೋದು ಯಾಕ್ರಿ ಡಾಕ್ಟರಮ್ಮಾರ? ಇದು ಡೈನಮೊ. ಕಣ್ಣು ಮುಚ್ಚಿ ಹೇಳ್ತೀನಿ, ಡೈನಮೊ ಹೋಗ್ಯದ."

"ನನಗ ವಾಟರ್ ಪಂಪ್ ಅನಸ್ತದ ಅಣ್ಣಾ," ಎಂದೆ.

"ಆತು, ನೋಡೋಣು ಯಾರು ಗೆಲ್ತಾರ."

ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕೇಳಿದರು. ನಾನು ಚೀಲದಿಂದ ನನ್ನ ಹಳೆಯ ಸ್ಟೆತಸ್ಕೋಪು ತೆಗೆದು, ತಿರುಗುವ ಬೆಲ್ಟಿನಿಂದ ದೂರವಿರುವಂತೆ ಎಚ್ಚರವಹಿಸಿ, ಇಂಜಿನ್ನಿನ ನೆತ್ತಿಯ ಮೇಲಿಟ್ಟೆ. ಕಿವಿ ತೂತು ಬೀಳುವಷ್ಟು ಗದ್ದಲವೇನೋ ಇತ್ತು. ಆದರೆ ಅದಕ್ಕೊಂದು ತಾಳವಿತ್ತು, ಎಡವದ, ತಡವರಿಸದ ತಾಳ. ಆ ಕರಕರ ಅಲ್ಲಿರಲಿಲ್ಲ. ಮುಂಭಾಗಕ್ಕೆ ಬಂದಷ್ಟೂ ಅದು ಹತ್ತಿರವಾಗುತ್ತಿತ್ತು. ಮುಂಭಾಗದಲ್ಲಿ ಒಂದೇ ಬೆಲ್ಟು ಬ್ಯಾಟರಿ ತುಂಬುವ ಡೈನಮೊ, ನೀರಿನ ಪಂಪು, ಎಸಿ ಎಲ್ಲವನ್ನೂ ತಿರುಗಿಸುತ್ತದೆ. ಯಾರು ನರಳಿದರೂ ಸದ್ದು ಇಂಜಿನ್ನಿನದೇ ಎಂಬಂತೆ ಕೇಳಿಸುತ್ತದೆ.

"ಬೆಲ್ಟ್ ಬಿಚ್ಚಿ ಚಾಲೂ ಮಾಡಿ ನೋಡೋಣೇನು?" ಎಂದೆ.

"ಅದನ್ನೇ ಹೇಳಾಕ ಬಾಯಿ ತೆಗದಿದ್ದೆ," ಎಂದರು ಅವರು. ನಿಜವೋ ಸುಳ್ಳೋ, ದೇವರೇ ಬಲ್ಲ.

ಬೆಲ್ಟ್ ಬಿಚ್ಚಿದರು. ನೀರು ಹರಿಸಿ ತಂಪಾಗಿಡುವ ಪಂಪೂ ನಿಂತಿರುವುದರಿಂದ ಇಂಜಿನ್ನನ್ನು ಹೆಚ್ಚು ಹೊತ್ತು ಓಡಿಸುವಂತಿಲ್ಲ. ನಾನು ಒಳಗೆ ಕೂತು ಬೀಗದ ಕೈ ತಿರುಗಿಸಿದೆ. ಈಗಲೂ ಕರಕರ ಎಂದರೆ ರಾಯಚೂರಿನ ಮಾತೇ ನಿಜ. ಐತವಾರ ಗಾಡಿ ಪರರ ಪಾಲು.

ಇಂಜಿನ್ ಎದ್ದಿತು. ಗುಡುಗುಡು, ಗುಡುಗುಡು. ಅಷ್ಟೇ. ಮೊದಲು ಮನೆಗೆ ತಂದಾಗ ಹೇಗಿತ್ತೋ ಹಾಗೆ, ಮೊಸರು ಕಡೆಯುವ ಮನೆಯ ನೆಮ್ಮದಿಯ ಸದ್ದು. ಕರಕರ ಎಲ್ಲಿ ಹೋಯಿತೋ! ಮಹೆಬೂಬಣ್ಣ ಎರಡೂ ಕೈ ಮೇಲೆತ್ತಿ "ಒಳಗ ಏನೂ ಆಗಿಲ್ರಿ! ಹೃದಯ ಭದ್ರ ಅದ!" ಎಂದು ಕೂಗಿದರು. ಗಾಡಿ ಬಂದ್ ಮಾಡಿ ಸ್ಟೇರಿಂಗಿಗೆ ಹಣೆ ಆನಿಸಿದೆ. ನಗು ಬಂತು, ಜೊತೆಗೆ ಕಣ್ಣೂ ಒದ್ದೆಯಾಯಿತು. ಅದು ಎಂಥ ಹಗುರ ಎಂದು ಹೇಗೆ ಹೇಳಲಿ? ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ತಾನಾಗಿ ಜಾರಿದಾಗ ಮೊದಲ ತುತ್ತು ಹೇಗಿರುತ್ತದೆಯೋ ಹಾಗೆ.

ಆಮೇಲೆ ಬೆಲ್ಟು ಹಾಯುವ ಚಕ್ರಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದೆವು. ಡೈನಮೊ ನುಣ್ಣಗೆ ತಿರುಗಿತು, ಮಹೆಬೂಬಣ್ಣ ಸೋತರು. ನೀರಿನ ಪಂಪೂ ನುಣ್ಣಗೆ ತಿರುಗಿತು, ನಾನೂ ಸೋತೆ. ಬೆಲ್ಟನ್ನು ಬಿಗಿಯಾಗಿಡಲೆಂದೇ ಇರುವ, ಯಾರ ಲೆಕ್ಕಕ್ಕೂ ಬಾರದ ಅಂಗೈಯಗಲದ ಪುಲ್ಲಿಯೊಂದು ಬೆರಳಿಗೆ ಮರಳು ಮುಟ್ಟಿದಂತೆ ತಡೆದು ತಡೆದು ತಿರುಗಿತು. ಹಳ್ಳದ ಕೆಸರು ಅದರ ಬೇರಿಂಗಿನೊಳಗೆ ಹೊಕ್ಕಿತ್ತು. ಇನ್ನಷ್ಟು ದಿನ ಹಾಗೇ ಓಡಿಸಿದ್ದರೆ ಅದು ಬಿಗಿದುಕೊಂಡು, ಬೆಲ್ಟು ಹರಿದು, ಇಂಜಿನ್ ಕಾದು ನಿಜಕ್ಕೂ ಕೆಡುತ್ತಿತ್ತು. ಗಂಡನ ಭಯವೂ ಪೂರ್ತಿ ಸುಳ್ಳಲ್ಲ ಎಂದು ಆಗ ತಿಳಿಯಿತು. ಮಹೆಬೂಬಣ್ಣ ರಾಯಚೂರಿನ ಅಂಗಡಿಗೆ ಫೋನು ಮಾಡಿ, ಹೊಸ ಪುಲ್ಲಿಯನ್ನು ಮುಂದಿನ ಬಸ್ಸಿಗೆ ಹಾಕಲು ಹೇಳಿದರು.

ಅಷ್ಟರಲ್ಲಿ ನನ್ನ ಫೋನು. ಅರಕೇರಾದ ಹನುಮವ್ವನ ಸೊಸೆ. ಆ ಮನೆಯ ಒಲೆಯಿಂದ ಮೊಮ್ಮಗಳ ಕಾಲೇಜಿನವರೆಗೆ ಎಲ್ಲವೂ ಒಂದು ಎಮ್ಮೆಯ ಹಾಲಿನ ಮೇಲೆ ನಡೆಯುತ್ತದೆ.

"ಡಾಕ್ಟರಮ್ಮಾರ, ಎಮ್ಮಿ ನಸುಕಿನಾಗಿಂದ ತಿಣಕಾಕತ್ತದ್ರಿ. ಒಂದು ಕಾಲಷ್ಟೇ ಹೊರಗ ಬಂದದ. ಜಲ್ದಿ ಬರ್ರಿ, ನಮ್ಮತ್ತಿ ಅಳಾಕತ್ಯಾಳ."

ಬೆಲ್ಟಿಲ್ಲದ ಗಾಡಿ ಶೆಡ್ಡಿನಲ್ಲಿ ಬಾಯ್ದೆರೆದು ನಿಂತಿತ್ತು. ಅರಕೇರಾದ ಬಸ್ಸು ಆಗಷ್ಟೇ ಹೋಗಿತ್ತು. ಮಹೆಬೂಬಣ್ಣ ನನ್ನ ಮುಖ ನೋಡಿ, ಏನೂ ಕೇಳದೆ ತಮ್ಮ ಬೈಕನ್ನು ಹೊರಗೆ ತಳ್ಳಿದರು. "ಕುಂದರ್ರಿ. ಪುಲ್ಲಿ ಬಂದ್ರ ನಮ್ಮ ಮನಿಯಾಕಿ ಇಸ್ಕೊಂಡು ಇಟ್ಟಿರ್ತಾಳ."

ಹಗ್ಗ, ಔಷಧದ ಚೀಲ ಮಡಿಲಲ್ಲಿಟ್ಟುಕೊಂಡು ಅರಕೇರಾ ಸೇರಿದಾಗ ಎಮ್ಮೆ ದಣಿದು ಮಲಗಿತ್ತು. ಕೈ ತೊಳೆದು ಒಳಗೆ ಹಾಕಿ ನೋಡಿದೆ. ಕರುವಿನ ಒಂದು ಮುಂಗಾಲು ಮೊಣಕಾಲಿನಲ್ಲಿ ಮಡಚಿ ಹಿಂದೆ ಉಳಿದಿತ್ತು. ಮೂತಿಗೆ ಬೆರಳು ತಾಗಿಸಿದರೆ ಸಣ್ಣಗೆ ಚೀಪಿತು, ಜೀವವಿತ್ತು. ಕರುವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ, ಗೊರಸು ತಾಯಿಯ ಗರ್ಭ ಗೀರದಂತೆ ಅಂಗೈಯಲ್ಲಿ ಮುಚ್ಚಿ ಹಿಡಿದು, ಕಾಲನ್ನು ನೇರ ಮಾಡುವಷ್ಟರಲ್ಲಿ ನನ್ನ ತೋಳು ಮರಗಟ್ಟಿತು. ಹಗ್ಗ ಕಟ್ಟಿ ಮಹೆಬೂಬಣ್ಣನ ಕೈಗೆ ಕೊಟ್ಟೆ.

"ಎಮ್ಮಿ ತಿಣಕಿದಾಗಷ್ಟೇ ಜಗ್ಗಬೇಕು ಅಣ್ಣಾ. ಅದು ಬಿಟ್ರ ನೀವೂ ಬಿಡ್ರಿ."

"ನೀವು ಹೇಳ್ದಂಗ ರೀ," ಎಂದರು. ಶೆಡ್ಡಿನಲ್ಲಿ ಕೇಳದಿದ್ದ ವಿನಯ ಆ ದನಿಯಲ್ಲಿತ್ತು. ಹನುಮವ್ವ ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇನ್ನೊಂದೀಟು, ನಮ್ಮವ್ವಾ, ಇನ್ನೊಂದೀಟು" ಎನ್ನುತ್ತಿದ್ದಳು. ಕರು ಜಾರಿ ಬಂತು, ಹುಲ್ಲಿನ ಮೇಲೆ ಬಿತ್ತು, ಅಲುಗಾಡಲಿಲ್ಲ. ಮೂಗು ಬಾಯಿ ಒರೆಸಿ, ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕೆಣಕಿ, ಎದೆಯನ್ನು ಗಸಗಸ ಉಜ್ಜಿದೆ. ಆಮೇಲೆ ಒಂದು ಸೀನು, ಒದ್ದೆಯಾದ ಸಣ್ಣ ಸೀನು. ಹಿಂದೆಯೇ ಒಂದು ಉಸಿರು.

"ಚಾಲೂ ಆತು!" ಎಂದರು ಮಹೆಬೂಬಣ್ಣ. ಅಳುತ್ತಿದ್ದ ಹನುಮವ್ವ ಅದೇ ಕಣ್ಣೀರಲ್ಲಿ ನಕ್ಕುಬಿಟ್ಟಳು. ಹೆಣ್ಣು ಕರು.

ನಾವು ಮರಳಿದಾಗ ಪುಲ್ಲಿ ಬಂದು, ಮಹೆಬೂಬಣ್ಣನ ಹೆಂಡತಿಯ ಕೈಸೇರಿತ್ತು. ಹಳೆಯ ಬೆಲ್ಟಿನಲ್ಲೂ ಸಣ್ಣ ಬಿರುಕುಗಳಿದ್ದುದರಿಂದ ಊರಲ್ಲೇ ಸಿಕ್ಕ ಹೊಸದನ್ನು ಹಾಕಿದೆವು. ಸಂಜೆಯ ಬಸ್ಸಿಳಿದ ಗಂಡ ನೇರ ಶೆಡ್ಡಿಗೇ ಬಂದರು. ನಾನು ಬೀಗದ ಕೈಯನ್ನು ಅವರ ಕೈಗೇ ಕೊಟ್ಟೆ. ಅವರು ಚಾಲೂ ಮಾಡಿ, ಎಸಿ ಹಾಕಿ, ತೆಗೆದು, ಮತ್ತೆ ಹಾಕಿ ಆಲಿಸಿದರು. ಗಣಿತದವರು, ಉತ್ತರ ಸರಿಯಿದ್ದರೂ ತಾಳೆ ನೋಡದೆ ಬಿಡುವುದಿಲ್ಲ. ಕೊನೆಗೆ ಫೋನು ತೆಗೆದು, "ಸರ, ಐತಾರ ಬರಬ್ಯಾಡ್ರಿ. ಗಾಡಿ ಮನ್ಯಾಗ ಬೇಕಾಗ್ಯಾದ," ಎಂದರು.

ಯಾವ ಸದ್ದು ಯಾರದು ಎಂದು ತಿಳಿಯದೆ ನಾವು ಎಷ್ಟೋ ಸಲ ಮುಖ್ಯವಾದುದನ್ನೇ ಬಿಚ್ಚಲು, ಬಿಡಲು ಸಿದ್ಧರಾಗುತ್ತೇವಲ್ಲ ಎಂದು ಆ ರಾತ್ರಿ ಊಟ ಮಾಡುತ್ತ ಯೋಚಿಸಿದೆ. ದೊಡ್ಡ ಕೇಡೆಂದು ಹೆದರಿದ್ದು ಅಂಗೈಯಗಲದ್ದೆಂದು ತಿಳಿಯುವ ಭಾಗ್ಯ ಎಲ್ಲ ಸಲವೂ ಸಿಗುವುದಿಲ್ಲ. ನನ್ನ ವೃತ್ತಿಯಲ್ಲಂತೂ ಎಷ್ಟೋ ಸಲ ಸಿಕ್ಕಿಲ್ಲ. ಸಿಕ್ಕಾಗ ಅದನ್ನು ಪೂರ್ತಿ ಅನುಭವಿಸಬೇಕು. ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಐತವಾರ ಗಂಡನನ್ನೂ ಕರೆದುಕೊಂಡು ಬಾಣಂತಿ ಎಮ್ಮೆಯನ್ನು ನೋಡಲು ಹೋದೆ. ಹನುಮವ್ವ ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಗಿಣ್ಣ ಬಡಿಸಿ, ಬೇಡವೆಂದಷ್ಟೂ ಬಡಿಸಿ, "ಉಣ್ಣು ಯಪ್ಪಾ, ನಿನ ಹೇಣ್ತಿ ನಮ್ಮ ಮನಿ ಉಳಿಸ್ಯಾಳ" ಎಂದಳು. ಮೇಷ್ಟ್ರು ನಾಚಿಕೊಂಡೇ ಮೂರು ಬಟ್ಟಲು ಮುಗಿಸಿದರು. ಹೊರಟು ಊರು ದಾಟಿ, ಹತ್ತಿ ಹೊಲಗಳ ನಡುವಿನ ದಾರಿ ಹಿಡಿದು ಇನ್ನೂ ಹೆಚ್ಚು ದೂರವಾಗಿರಲಿಲ್ಲ, ಗಾಡಿಯೊಳಗೆ ಮತ್ತೊಂದು ಹೊಸ ಸದ್ದು ಕೇಳಿ ಬೆಚ್ಚಿ ಕಿವಿಗೊಟ್ಟೆ. ಪಕ್ಕದ ಸೀಟಿನಲ್ಲಿ ನನ್ನ ಗಂಡ, ಈ ಗಾಡಿಯಲ್ಲಿ ಎಂದೂ ಕಣ್ಣು ಮುಚ್ಚದವರು, ತಲೆ ವಾಲಿಸಿ ಗೊರಕೆ ಹೊಡೆಯುತ್ತಿದ್ದರು. ಮುಂದೆ ಒಂದು ತಗ್ಗಿತ್ತು. ಅವರಿಗೆ ಎಚ್ಚರವಾಗದಂತೆ ಗಾಡಿಯನ್ನು ಮೆಲ್ಲಗೆ ಇಳಿಸಿ ಹತ್ತಿಸಿದೆ.