ಆಚಾರ್ರ ಅಂಗಡಿಯ ಗಿಡ್ಡ ಲಿಂಕು

ನನ್ನ ಓಲೆಯ ತಿರುಪು ಕಳೆದಿರುವ ವಿಷಯ ನನ್ನ ಗಂಡನಿಗೆ ಇನ್ನೂ ಗೊತ್ತಿಲ್ಲ. ಆದರೆ ಯಾವುದೋ ಊರಿನಲ್ಲಿ ಕೂತು ಹಳೇ ಚಿನ್ನ ಕೊಳ್ಳುವ ಕಂಪನಿಯವರಿಗೆ ಗೊತ್ತು. (ಇವತ್ತು ಗಂಡನಿಗೂ ಗೊತ್ತಾಗುತ್ತದೆ. ಅಂಕಣ ಓದುತ್ತಾರಲ್ಲ.)

ಆಗಿದ್ದಿಷ್ಟು. ನಮ್ಮ ಮನೆಯ ಚಿನ್ನದ ಕೆಲಸವೆಲ್ಲ ಕೆ.ಆರ್. ಪೇಟೆಯ ಆಚಾರ್ರದ್ದೇ. ಪಾಂಡವಪುರದಿಂದ ಅಲ್ಲಿಯವರೆಗೆ ಹೋಗಿ ಬೀಗ ನೋಡಿಕೊಂಡು ಬರುವುದೇಕೆ ಎಂದು ಫೋನಿನಲ್ಲಿ ಅಂಗಡಿ ಹುಡುಕಿದೆ. ಸಿಕ್ಕಿತು. ಅಂಗಡಿಯ ಫೋಟೋ, ಅದರ ಕೆಳಗೊಂದು ಗಿಡ್ಡ ಲಿಂಕು. ಅರ್ಥವಿಲ್ಲದ ನಾಲ್ಕಾರು ಅಕ್ಷರ, ಹೆಸರಿಲ್ಲ, ಊರಿಲ್ಲ. ಸಮಯ ತಿಳಿಯಲು ಒತ್ತಿ ಎಂದಿತ್ತು. ಒತ್ತಿದೆ. ನಂಬರ್ ಕೇಳಿತು, ಕೊಟ್ಟೆ. ಏನು ಕೆಲಸ ಎಂದಿತು, ತಿರುಪು ಕಳೆದ ಓಲೆ ರಿಪೇರಿ ಎಂದೆ. ಕೇಳುತ್ತಿರುವುದು ಆಚಾರ್ರೇ ಅಂದುಕೊಂಡಿದ್ದೆ.

ಅಂಗಡಿ ತೆಗೆದಿದೆ ಎಂದು ತೋರಿಸಿತು, ಹೊರಟೆ. ಬಸ್ಸು ಚಿನಕುರಳಿ ದಾಟುವಷ್ಟರಲ್ಲಿ ಫೋನ್ ಬಂತು. ನಯವಾದ ದನಿ, ಹಳೇ ಚಿನ್ನ ಕೊಳ್ಳುವ ಕಂಪನಿಯಂತೆ. ಮುರಿದ ಓಲೆ ಇದೆಯಂತೆ, ಒಳ್ಳೆ ರೇಟು ಕೊಡುತ್ತಾರಂತೆ, ಮಾರುತ್ತೀರಾ ಮೇಡಂ?

ಮೈಯೆಲ್ಲ ಉರಿಯಿತು. ಆಚಾರ್ರನ್ನೇ ಕೇಳಿಬಿಡೋಣ ಎಂದು ಅಂಗಡಿಗೆ ಹೋದರೆ, ಅಲ್ಲಿ ನನಗಿಂತ ಮೊದಲೇ ಒಬ್ಬರು ಕೇಳುತ್ತಿದ್ದರು. ಬೂಕನಕೆರೆ ಕಡೆಯ ಹೆಂಗಸು. (ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.) ಅತ್ತೆ ಕೊಟ್ಟ ಬಳೆಯನ್ನು ಅತ್ತೆಗೆ ಹೇಳದೆ ಕರಗಿಸಿ ಮಗಳಿಗೆ ಜುಮುಕಿ ಮಾಡಿಸಲು ಕೊಟ್ಟಿದ್ದರು. ಕಂಪನಿಯವರ ಫೋನನ್ನು ಅತ್ತೆಯೇ ಎತ್ತಿದ್ದಾರೆ. ಕರಗಿಸೋ ಬಳೆ ಎಷ್ಟು ಗ್ರಾಮಿದೆ ಅಮ್ಮಾ ಎಂದು ಆ ಕಡೆಯಿಂದ ಕೇಳಿದ್ದಾರೆ. ಆಮೇಲೆ ಮನೆಯಲ್ಲಿ ಏನಾಗಿರಬಹುದೆಂದು ನಿಮಗೆ ಹೇಳಬೇಕೆ?

"ನಿಮ್ಗೆ ಬುಟ್ರೆ ಇನ್ಯಾರ್ಗೂ ಯೋಳಿಲ್ಲ ಆಚಾರ್ರೇ. ನಿಮ್ ಬಾಯಿಂದ್ಲೇ ಓಗಿರೋದು. ನನ್ ಬಳೆ ಕೊಟ್ಬುಡಿ."

ಆಚಾರ್ರ ಮುಖ ಇಷ್ಟು ಚಿಕ್ಕದಾಗಿತ್ತು. ಯಾಕೆ ಎಂದು ನಮ್ಮ ಕಡೆಯವರಿಗೆ ಗೊತ್ತು. ಯಾರ ಮನೆಯ ಒಡವೆ ಒಲೆಗೆ ಬಿತ್ತು, ಯಾರದ್ದು ತೆಳುವಾಯಿತು, ಯಾರದ್ದು ಗಿರವಿಗೆ ಹೋಗಿ ವಾಪಸ್ಸು ಬರಲೇ ಇಲ್ಲ, ಎಲ್ಲ ಅಕ್ಕಸಾಲಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಬಾಯಿ ಬಿಡಬಾರದು. ಈ ಆಚಾರ್ರಂತೂ ಮದುವೆ ಮನೆಯಲ್ಲಿ ಹೆಂಗಸರ ಕೊರಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಬಾಳೆಲೆ ನೋಡಿಕೊಂಡು ಊಟ ಮಾಡಿ ಎದ್ದುಬಿಡುತ್ತಾರೆ. ಅಂಥವರನ್ನು ಬಾಯಿಬಡುಕ ಎಂದರೆ ಹೇಗಾಗಬೇಡ? ಈಯಮ್ಮ ಊರಿಗೆ ಹೋಗಿ ಒಂದು ಮಾತು ಆಡಿದರೆ ಆಚಾರ್ರ ಅಂಗಡಿಗೆ ಇನ್ನು ಯಾರು ಬರುತ್ತಾರೆ?

"ನನ್ ಬಾಯಿಂದ ಓಗಿಲ್ಲ ಕಣವ್ವ," ಎಂದರು ಆಚಾರ್ರು. ಆಕೆ ನಂಬಲಿಲ್ಲ.

ನಾನು ನನ್ನ ಫೋನ್ ಮುಂದಿಟ್ಟೆ. ನನಗೂ ಇದೇ ಫೋನ್ ಬಂತು, ಆದರೆ ನಾನಿನ್ನೂ ಆಚಾರ್ರ ಹತ್ತಿರ ಬಾಯೇ ಬಿಟ್ಟಿಲ್ಲ ಎಂದೆ. ನೀವೂ ಇಲ್ಲಿ ಒತ್ತಿದ್ದಿರಾ ಎಂದು ಕೇಳಿದೆ. ಆಕೆ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ ಕೇಳಿದರು. ಅಂಗಡಿ ತೆಗೆದಿದೆಯೋ ಇಲ್ಲವೋ ನೋಡಲು ಒತ್ತಿದ್ದು ಮಗಳು. ಕೆಲಸ ಏನು ಎಂದದ್ದಕ್ಕೆ ಬಳೆ ಕರಗಿಸೋದು ಎಂದು ತುಂಬಿ, ಅಮ್ಮನ ನಂಬರ್ ಕೊಟ್ಟಿದ್ದಳು.

ಲಿಂಕು ಹಾಕಿದ್ದು ಯಾರು? ಬೈಕಿನಲ್ಲಿ ಬಂದ ಒಬ್ಬ. ಪುಕ್ಕಟೆ ನಿಮ್ಮ ಅಂಗಡೀನ ಆನ್‌ಲೈನ್‌ಗೆ ಹಾಕ್ತೀವಿ ಎಂದು ಫೋಟೋ ತೆಗೆದುಕೊಂಡು ಹೋಗಿದ್ದಾನೆ. ಬೋರ್ಡು ಹಾಕಿಸಿದ ಹಾಗೆ ಅಂದುಕೊಂಡು ಆಚಾರ್ರು ಹೂಂ ಅಂದಿದ್ದಾರೆ. ಅವನು ಕೊಟ್ಟು ಹೋಗಿದ್ದ ನಂಬರಿಗೇ ಫೋನ್ ಮಾಡಿದೆ, ಸ್ಪೀಕರ್ ಹಾಕಿ. ಈ ಲಿಂಕಿನ ಹಿಂದೆ ಯಾರಿದ್ದಾರಪ್ಪ ಎಂದೆ. ಅದು ಸಿಸ್ಟಮ್ ಮೇಡಂ ಎಂದ. ನಂಬರ್ ತುಂಬಿದವರು ಅದನ್ನು ಬೇರೆ ಕಂಪನಿಗೆ ಕೊಡಲು ಒಪ್ಪಿಕೊಂಡ ಹಾಗೇ ಅಂತೆ! ತೆಗಿ ಎಂದರೆ, ತೆಗೆದರೆ ಅಂಗಡಿ ಯಾರಿಗೂ ಕಾಣುವುದಿಲ್ಲ ಎಂದು ಹೆದರಿಸಿದ.

ಆಚಾರ್ರು ಫೋನಿಗೆ ಬಗ್ಗಿದರು. "ಕಾಣ್ದಿದ್ರೆ ಬ್ಯಾಡ ಕಣ್ಲಾ. ಕಂಡಿದ್ದ ಕಂಡಿಲ್ಲ ಅನ್ಕೊಂಡೇ ಬದುಕಿರೋನು ನಾನು. ತಗ್ದಾಕು ಅದ್ನ."

ಸಂಜೆಯೊಳಗೆ ತೆಗೆದ. ಆಕೆ ಮಾತ್ರ ಬಳೆಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಹೋದರು. ಅತ್ತೆಗೆ ತೋರಿಸಬೇಕಲ್ಲ. ಹೋಗುವಾಗ "ಬೈದ್ಬುಟ್ಟೆ, ಬೇಜಾರ್ ಮಾಡ್ಕಬ್ಯಾಡಿ" ಎಂದರು. ಪಾಪ, ಹುಡುಗಿಗೆ ಜುಮುಕಿ ತಪ್ಪಿತು. ಆಚಾರ್ರು ನನ್ನ ಕಡೆ ತಿರುಗಿ, ಬರೆಯುವುದಾದರೆ ಆಯಮ್ಮನ ಹೆಸರು ಹಾಕಬೇಡಿ ಎಂದಷ್ಟೇ ಹೇಳಿ ತಿರುಪು ಹುಡುಕತೊಡಗಿದರು.

ಮನೆಗೆ ಬಂದು ನೋಡಿದೆ. ಶ್ರೀರಂಗಪಟ್ಟಣದ ಲಾಡ್ಜಿಗೂ ಗಿಡ್ಡ ಲಿಂಕು, ನಾಗಮಂಗಲದ ಟೈಲ್ಸ್ ಅಂಗಡಿಗೂ ಗಿಡ್ಡ ಲಿಂಕು. ಎಲ್ಲವೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಹೊಸಬನೊಬ್ಬ ಬಸ್ಸಿಳಿದರೆ ಯಾವೂರಪ್ಪ, ಯಾರ ಪೈಕಿ ಎಂದು ಕೇಳದೆ ಬಿಡುತ್ತೇವೆಯೇ? ಹೇಳದವನನ್ನು ಜಗಲಿ ಹತ್ತಿಸುತ್ತೇವೆಯೇ? ಫೋನಿನೊಳಗೆ ಬಂದರೆ ಮಾತ್ರ ಇವನಿಗೆ ಯಾಕೆ ಈ ಮರ್ಯಾದೆ? ನಾನಂತೂ ಇನ್ನು ಒತ್ತುವುದಿಲ್ಲ. ಅಂಗಡಿ ಮುಚ್ಚಿದ್ದರೆ ಬೀಗ ನೋಡಿಕೊಂಡೇ ಬರುತ್ತೇನೆ.

ಮಾರನೇ ದಿನ ಆ ಬೈಕಿನವನ ಕಂಪನಿಯಿಂದ ಮೆಸೇಜು ಬಂತು. ನಮ್ಮ ಸೇವೆಯ ಬಗ್ಗೆ ನಿಮ್ಮ ಅನುಭವ ತಿಳಿಸಿ ಎಂದು. ಕೆಳಗೆ ಮತ್ತೊಂದು ಗಿಡ್ಡ ಲಿಂಕು.

ಇಗೋ, ಉದ್ದಕ್ಕೇ ತಿಳಿಸಿದ್ದೇನೆ, ನನ್ನ ಹೆಸರು ಹಾಕಿಯೇ.