ಕಣ್ಣು ಹೋಗುವ ಮೊದಲಿನ ತಯಾರಿ

ಇವತ್ತು ಬೆಳಿಗ್ಗೆ ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಕೂತಿದ್ದೆ. ಬೆರಳಿಗೆ ಸಣ್ಣ ಕಲ್ಲೊಂದು ಸಿಕ್ಕಿತು. ಆಗಲೇ ಗೊತ್ತಾದದ್ದು, ಅಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡೇ ಆರಿಸುತ್ತಿದ್ದೆ ಎಂದು. ಕೆಲವು ಹ್ಯಾಬಿಟ್‌ಗಳು ಹೀಗೆಯೇ ನೋಡಿ, ನಮ್ಮನ್ನು ಕೇಳಿ ಬರುವುದಿಲ್ಲ.

ಇದು ನಮ್ಮ ಅವ್ವನದು. ಅವ್ವನ ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು, ಅವ್ವನ ಅಕ್ಕನಿಗೂ ಹೋಗಿತ್ತು. ತನಗೂ ಸಕ್ಕರೆ ಬಂದದ್ದೇ ತಡ, ಅವ್ವ ತಯಾರಿ ಶುರು ಮಾಡಿದಳು. ಕಣ್ಣು ಮುಚ್ಚಿ ಬೇಳೆ ಆರಿಸುವುದು, ಕಣ್ಣು ಮುಚ್ಚಿ ರೊಟ್ಟಿ ಬಡಿಯುವುದು, ಒಲೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಎಣಿಸುವುದು. ಆಂಧ್ರದ ಆದೋನಿಯಲ್ಲಿ ನಮ್ಮ ಓಣಿಯ ಹೆಂಗಸರು ಮೆಚ್ಚಿದ್ದೇ ಮೆಚ್ಚಿದ್ದು: "ಏನ್ ಜಾಣಿ ಅದಾಳವಾ ಈಕಿ! ಮುಂದಿಂದು ಈಗ್ಲೇ ನೋಡ್ಕೊಂಡಾಳ." ಡಾಕ್ಟರಿಗೆ ತೋರಿಸು ಎಂದವರು ಒಬ್ಬರೂ ಇಲ್ಲ. ತೋರಿಸಿ ಮಾಡುವುದೇನು, ಮನೆತನದ ಕಣ್ಣು! ಅರವತ್ತೆರಡಕ್ಕೆ ಅವ್ವನ ಕಣ್ಣು ಪೂರ್ತಿ ಹೋದಾಗ ಮನೆಯಲ್ಲಿ ಒಂದು ಲೋಟವೂ ಉರುಳಲಿಲ್ಲ. ಅಷ್ಟು ಪರ್ಫೆಕ್ಟ್ ತಯಾರಿ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಸಿಸ್ಟರ್ ಬಟಾಣಿ ಗಿಡದ ಚಿತ್ರ ಬರೆಸಿ ಹೆರಿಡಿಟಿ ಪಾಠ ಮಾಡಿದ್ದರು. ನಾನು ಕಲಿತದ್ದೇನು? ಅವ್ವನ ಹಣೆಬರಹಕ್ಕೆ ಒಂದು ಇಂಗ್ಲಿಷ್ ಹೆಸರು, ಅಷ್ಟೇ.

ಹೋದ ವರ್ಷ ಇಲ್ಲೇ ಹತ್ತಿರದ ಆಲೂರಿಗೆ, ತಂಗಿ ಗಿರಿಜಾಳ ಮನೆಗೆ ಹೋಗಿದ್ದೆ. ಅವಳಿಗೂ ಸಕ್ಕರೆ. ನೋಡಿದರೆ, ಕಣ್ಣು ಮುಚ್ಚಿಕೊಂಡು ಗೋಡೆ ಸವರುತ್ತ ಅಡುಗೆಮನೆಯಲ್ಲಿ ನಡೆಯುತ್ತಿದ್ದಾಳೆ!

"ಏನ್ ಮಾಡಾಕತ್ತಿಯೇ?"

"ನನಗ ಐವತ್ತೊಂಬತ್ತಾತಲ್ಲಕ್ಕಾ. ಇನ್ನ ಮೂರು ವರ್ಷ ಐತಿ," ಎಂದಳು, ಬಸ್ಸಿನ ಟೈಮು ಹೇಳುವಂತೆ.

ಮರುದಿನವೇ ಅವಳನ್ನು ಆದೋನಿಯ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಬಂದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಡ್ರಾಪ್ಸ್ ಹಾಕಿಸಿ, ಬಹಳ ಹೊತ್ತು ನೋಡಿ, "ಬಾಗುಂದಮ್ಮಾ, ಚಲೋ ಐತಿ! ರೆಟಿನಾಕ್ಕ ಏನೂ ಆಗಿಲ್ಲ," ಎಂದಳು.

ಗಿರಿಜಾ ಒಪ್ಪಬೇಕಲ್ಲ! "ಇನ್ನೊಮ್ಮೆ ಸರಿಯಾಗಿ ನೋಡ್ರಿ. ನಮ್ದು ಮನೆತನದ ಕಣ್ಣು."

ಡಾಕ್ಟರು ನನ್ನ ಕಡೆ ತಿರುಗಿದಳು. "ಹಂಗಾದ್ರ ನೀವು ಯಾವಾಗ ತೋರಿಸೀರಿ?"

ನಾನು ಸೆರಗು ಸರಿಮಾಡಿಕೊಂಡೆ. ಹದಿನಾಲ್ಕು ವರ್ಷದ ಸಕ್ಕರೆ ನನ್ನದು. ಕಣ್ಣು ಒಮ್ಮೆಯೂ ತೋರಿಸಿರಲಿಲ್ಲ. ಅವ್ವನ ಅರವತ್ತೆರಡು ದಾಟಿದ್ದೆ, ಹಾಗಾಗಿ ನಾನು ಪಾಸಾದೆ ಎಂದುಕೊಂಡಿದ್ದೆ.

"ಹೇಳಕ್ಕಾ," ಎಂದಳು ಗಿರಿಜಾ, "ಇಂಗ್ಲಿಷ್‌ನಾಗರ ಹೇಳು!"

ಡಾಕ್ಟರು ನನಗೂ ಡ್ರಾಪ್ಸ್ ಹಾಕಿಸಿ ನೋಡಿದಳು. ನನ್ನ ಎಡಗಣ್ಣಿನೊಳಗೆ ರಕ್ತ ಜಿನುಗಿತ್ತು. ಪೇಪರ್ ಚೆನ್ನಾಗಿ ಓದುತ್ತೇನಲ್ಲ ಎಂದೆ.

"ಕಾಣದಂಗ ಆದ ಮ್ಯಾಲ ಬಂದ್ರ ತಡ ಆಗ್ತೈತ್ರಿ. ರಕ್ತದಾಗ ಬರೋದು ಖರೇನ. ಆದ್ರ ಒಂದಲ್ಲ, ಎಷ್ಟೋ ಜೀನ್ಸ್ ಕೂಡಿರ್ತಾವು. ಒಂದೇ ಹೊಟ್ಟ್ಯಾಗ ಹುಟ್ಟಿದ್ರೂ ಒಬ್ಬರಂಗ ಒಬ್ಬರಿಗಿರಂಗಿಲ್ಲ. ಸಕ್ಕರಿ, ಬೀಪಿ ಹಿಡಿತದಾಗ ಇಟ್ಕೊಳ್ಳೋದು ನಿಮ್ಮ ಕೈಯಾಗೂ ಐತಿ. ಮನೆತನದಾಗ ಐತಿ ಅಂತ ಗೊತ್ತಿದ್ದವರು ಎಲ್ಲರಿಗಿಂತ ಮೊದಲು ಬರಬೇಕಲ್ರಿ, ಕೊನೀಗ್ಯಾಕ?"

ಮೂರು ತಲೆಮಾರಿನಲ್ಲಿ ಈ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತೆವು. ಡ್ರಾಪ್ಸಿನಿಂದ ಬಿಸಿಲು ಹಾಲಿನಂತೆ ಮಬ್ಬಾಗಿತ್ತು. ನನಗೆ ಅಳು ಬಂತು, ನನ್ನ ಎಡಗಣ್ಣಿಗಾಗಿ ಅಲ್ಲ. ಅಷ್ಟು ಜಾಣತನ, ಅಷ್ಟು ಶಿಸ್ತು. ಅದರಲ್ಲಿ ಕಾಲುಭಾಗ ಸಾಕಿತ್ತು, ಅವ್ವ ಆಸ್ಪತ್ರೆಯ ಮೆಟ್ಟಿಲು ಹತ್ತುವುದಕ್ಕೆ. ಗಿರಿಜಾ ತನ್ನ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. "ಅಳಬ್ಯಾಡ. ಹಾಕಿದ ಔಷಧ ಎಲ್ಲಾ ಹರದು ಹೋಗ್ತೈತಿ."

ಲೇಸರ್ ಆಯಿತು. ಎಡಗಣ್ಣು ಇದ್ದಷ್ಟರಲ್ಲಿ ನಿಂತಿದೆ. ನೆಟ್ಟಗೆ ಕಾಣುವ ಈ ಅಕ್ಷರಗಳೇ ಸಾಕ್ಷಿ.

ಇವತ್ತು ಮಧ್ಯಾಹ್ನ ಎಮ್ಮಿಗನೂರಿನಿಂದ ನನ್ನ ಮಗಳು ಉಷಾ ಬಂದಳು. ನಲವತ್ತು ತುಂಬಿಲ್ಲ, ಈಚೆಗೆ ಸಕ್ಕರೆ ಕಾಣಿಸಿಕೊಂಡಿದೆ. ಅದೇ ಡಾಕ್ಟರ ಮುಂದೆ ಕೂರಿಸಿದೆ. ಆಕೆ ಎರಡೂ ಕಣ್ಣು ನೋಡಿ, ಚೀಟಿಯಲ್ಲಿ ಏನೋ ಗೀಚಿ, "ಚೆನ್ನಾಗದಾವು. ಮುಂದಿನ ವರ್ಷ ಬಾಮ್ಮಾ," ಎಂದಳು.

ಉಷಾಗೆ ಅದು ಸಾಮಾನ್ಯ ಮಾತು. ಚೀಟಿ ಮಡಚಿ ಪರ್ಸಿಗೆ ತುರುಕಿ, ಆಟೋ ನಿಲ್ಲಿಸಲು ರಸ್ತೆಗಿಳಿದಳು. ನಾನು ಮಾತ್ರ ಬಾಗಿಲಲ್ಲೇ ಒಂದು ಗಳಿಗೆ ನಿಂತೆ. ನಮ್ಮ ಮನೆಯ ಹೆಂಗಸರ ಕಣ್ಣಿಗೆ ಇಷ್ಟು ಸಲೀಸಾಗಿ ಮುಂದಿನ ವರ್ಷವೊಂದನ್ನು ಯಾರೂ ಕೊಟ್ಟಿರಲಿಲ್ಲ.